ದೇವರ ಪೆಟ್ಟಿಗೆ ಪಕ್ಕದ ತುರ್ತು ಟ್ರಂಕನ್ನು ತೆರೆಯುವ ಬಗ್ಗೆ

ಮನೆಮಟ್ಟದ ತುರ್ತು ಸನ್ನದ್ಧತಾ ಇಲಾಖೆ
ನಡುಮನೆ ಶಾಖೆ, ತಳಕು ಹೋಬಳಿ, ಚಳ್ಳಕೆರೆ ತಾಲ್ಲೂಕು

ಸಂಖ್ಯೆ: ಮತುಸ/ಟ್ರಂಕು/ಹೆರಿಗೆ/3 (ಒಂದು ಮತ್ತು ಎರಡನೇ ಸುತ್ತೋಲೆಗಳನ್ನು ನೀರೊಲೆ ಹಚ್ಚಲು ಬಳಸಿಕೊಳ್ಳಲಾಗಿದೆ. ಯಾರು ಎಂಬುದು ತಿಳಿದಿದೆ.)

ದಿನಾಂಕ: ಶನಿವಾರ, ರೇಷನ್ ಕೊಟ್ಟು ಒಂಬತ್ತನೇ ದಿನ

ಸುತ್ತೋಲೆ

ವಿಷಯ: ಸೊಸೆ ಶ್ರೀಮತಿ ವನಜಾಕ್ಷಿಯವರ ಹೆರಿಗೆ ಸಮೀಪಿಸಿರುವುದರಿಂದ, ತಾಯಿ ಕಾರ್ಡ್ ಒಳಗೊಂಡ ತುರ್ತು ಟ್ರಂಕನ್ನು ಯಾರು, ಯಾವಾಗ, ಎಷ್ಟು ಸ್ನಾನ ಮಾಡಿ ತೆರೆಯಬೇಕೆಂಬ ಕುರಿತು.

ಉಲ್ಲೇಖ:
1) ಪಂಚಾಯ್ತಿ ಕಚೇರಿಯಲ್ಲಿ ನಡೆದ ತುರ್ತು ಸನ್ನದ್ಧತೆ ತರಬೇತಿ, ಚಹಾ ಸಹಿತ.
2) ಕಳೆದ ವಾರ ಗುರುವಾರ ಮಧ್ಯಾಹ್ನ ಮೂರು ಗಂಟೆಯ ಘಟನೆ.
3) ಆಸ್ಪತ್ರೆ ನರ್ಸಮ್ಮನವರ ಮೌಖಿಕ ಸೂಚನೆ.
4) ಸೋಮವಾರ ದೇವರ ಎಡಗಡೆಯಿಂದ ಬಿದ್ದ ಹೂವು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮನೆ ಯಜಮಾನರಾದ ಶ್ರೀ ಮೂಡಲಗಿರಿಯಪ್ಪ (ಕುರಿ ವಿಭಾಗ), ಮಗ ಶ್ರೀ ನಾಗಭೂಷಣ (ಚಳ್ಳಕೆರೆ ಎಣ್ಣೆ ಮಿಲ್ಲು, ರಾತ್ರಿ ಪಾಳಿ), ಸೊಸೆ ಶ್ರೀಮತಿ ವನಜಾಕ್ಷಿ (ತುಂಬಿದ ಬಸುರಿ), ಎದುರು ಮನೆಯ ಶ್ರೀಮತಿ ಹೊನ್ನಕ್ಕ ಹಾಗೂ ಲಗೇಜ್ ಆಟೋದ ಶ್ರೀ ಮಸ್ತಾನ್ ಸಾಬ್ ಇವರೆಲ್ಲರ ಗಮನಕ್ಕೆ ತರುವುದೇನೆಂದರೆ:

ಪ್ರಸ್ತಾವನೆ

ಪ್ರತಿ ಮನೆಯಲ್ಲೂ ಒಂದು ತುರ್ತು ಚೀಲ ಇರಬೇಕು, ಅದರಲ್ಲಿ ಟಾರ್ಚು, ಬೆಂಕಿಪೊಟ್ಟಣ, ಮೇಣದಬತ್ತಿ, ಬಿಸ್ಕತ್ತು, ಹಗ್ಗ, ವಿಷಲ್ಲು ಮತ್ತು ಮುಖ್ಯ ಕಾಗದಪತ್ರಗಳಿರಬೇಕು ಎಂದು ಉಲ್ಲೇಖ ಒಂದರ ತರಬೇತಿಯಲ್ಲಿ ಹೇಳಲಾಗಿತ್ತು. ಅದರಂತೆ ಒಂದು ಚೀಲವನ್ನು ತುಂಬಿ ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಲಾಯಿತು. ನಾಲ್ಕು ದಿನ ಕಳೆಯುವುದರೊಳಗೆ ಟಾರ್ಚಿನ ಸೆಲ್ಲುಗಳು ಟಿ.ವಿ. ರಿಮೋಟಿನಲ್ಲಿಯೂ, ಹಗ್ಗವು ಟಗರಿನ ಕೊರಳಿನಲ್ಲಿಯೂ, ವಿಷಲ್ಲು ಯಜಮಾನರ ಬಾಯಿಯಲ್ಲಿಯೂ ಪತ್ತೆಯಾದವು. ಬಿಸ್ಕತ್ತು ಪತ್ತೆಯಾಗಲಿಲ್ಲ. ಬೆಂಕಿಪೊಟ್ಟಣದ ವಿಚಾರವಾಗಿ ಯಜಮಾನರನ್ನು ಕೇಳಲಾಗಿ, ಬೀಡಿ ಸೇದುವವನ ಮನೆಯಲ್ಲಿ ಬೆಂಕಿಪೊಟ್ಟಣ ನೇತುಹಾಕುವುದು ಯಾರ ತಪ್ಪು ಎಂದು ಇಲಾಖೆಯನ್ನೇ ಮರುಪ್ರಶ್ನೆ ಮಾಡಿರುತ್ತಾರೆ.

ಆದುದರಿಂದ ಚೀಲವನ್ನು ರದ್ದುಪಡಿಸಿ, ಹಳೇ ಟ್ರಂಕೊಂದನ್ನು ತೊಳೆದು, ಮೇಲ್ಕಂಡ ಸಾಮಾನುಗಳನ್ನು ಹೊಸದಾಗಿ ತುಂಬಿ, ಸೊಸೆಯ ತಾಯಿ ಕಾರ್ಡನ್ನೂ ಅದರಲ್ಲಿಯೇ ಇರಿಸಿ, ಬೀಗ ಹಾಕಲಾಯಿತು. ಯಾರೂ ಕೈ ಹಾಕದ ಜಾಗದಲ್ಲಿ ಇಡಿರಿ ಎಂದು ತರಬೇತಿಯಲ್ಲಿ ಹೇಳಿದ್ದು ನೆನಪಿತ್ತು. ಈ ಮನೆಯಲ್ಲಿ ಯಾರೂ ಕೈ ಹಾಕದ ಜಾಗ ಒಂದೇ ಇರುವುದು. ಅದು ನಡುಮನೆ ಮೂಲೆಯ ದೇವರ ಪೆಟ್ಟಿಗೆ. ಸೋಮವಾರ ಮಾತ್ರ, ತಲೆಗೆ ಸ್ನಾನ ಮಾಡಿ, ದೀಪ ಹಚ್ಚಿ, ಆಮೇಲೆ ತೆರೆಯುವುದು ನಾಲ್ಕು ತಲೆಮಾರಿನಿಂದ ಬಂದ ಪದ್ಧತಿ. ಟ್ರಂಕನ್ನು ಅದರ ಪಕ್ಕದಲ್ಲಿ ಇಡಲಾಯಿತು. ಅಲ್ಲಿ ಇಟ್ಟವರು ಇಲಾಖೆಯ ಮುಖ್ಯಸ್ಥರೇ, ಅಂದರೆ ಸೊಸೆಯ ಅತ್ತೆಯೇ. ಇದನ್ನು ಮುಚ್ಚಿಡುವುದಿಲ್ಲ.

ಕ್ರಮವು ನಿರೀಕ್ಷೆಗೂ ಮೀರಿ ಯಶಸ್ವಿಯಾಯಿತು. ಮೊದಲನೇ ಸೋಮವಾರ ಪೂಜೆ ಮಾಡುವಾಗ, ಪೆಟ್ಟಿಗೆಗೆ ವಿಭೂತಿ ಹಚ್ಚಿ ಪಕ್ಕದ್ದಕ್ಕೆ ಹಚ್ಚದಿದ್ದರೆ ಏನಂದುಕೊಂಡೀತೋ ಎಂದು ಸೊಸೆ ಟ್ರಂಕಿಗೂ ಮೂರು ಬೆರಳು ಎಳೆದರು. ಎರಡನೇ ಸೋಮವಾರ ಹೂವು ಬಂತು. ಅದೇ ವಾರ ಹೊನ್ನಕ್ಕನವರ ಕಳೆದುಹೋದ ಕುರಿಯೊಂದು, ಅವರು ಟ್ರಂಕಿನ ಮುಂದೆ ನಿಂತು ಕೈಮುಗಿದು ಹೋದ ಸಂಜೆಯೇ, ನನ್ನಿವಾಳ ರಸ್ತೆಯಲ್ಲಿ ಸಿಕ್ಕಿತು. ಮೂರನೇ ಸೋಮವಾರ ತೆಂಗಿನಕಾಯಿ ಒಡೆಯಲಾಯಿತು. ಅಲ್ಲಿಂದಾಚೆಗೆ ಟ್ರಂಕನ್ನು ತೆರೆಯುವುದಕ್ಕೂ ಸೋಮವಾರವೇ ಆಗಬೇಕು, ಸ್ನಾನವೂ ಆಗಬೇಕು, ದೀಪವೂ ಆಗಬೇಕು ಎಂದು ಯಜಮಾನರು ಎಲ್ಲರಿಗಿಂತ ಮೊದಲು ಒಪ್ಪಿಕೊಂಡರು. ಅವರು ಅಷ್ಟು ಬೇಗ ಯಾವುದನ್ನೂ ಒಪ್ಪಿಕೊಂಡ ದಾಖಲೆ ಇಲಾಖೆಯಲ್ಲಿ ಇಲ್ಲ.

ಈ ಅವಧಿಯಲ್ಲಿ ಮನೆಗೆ ಬೇರೆ ಬೆಂಕಿಪೊಟ್ಟಣ ತಂದಿಲ್ಲ. ಅಡುಗೆಮನೆಯಲ್ಲಿ ಗ್ಯಾಸಿನ ಲೈಟರ್ ಮಾತ್ರ ಇದೆ, ಅದು ಕಿಡಿ ಕೊಡುತ್ತದೆಯೇ ಹೊರತು ಬೀಡಿ ಹಚ್ಚುವುದಿಲ್ಲ. ಸೋಮವಾರದ ದೀಪವನ್ನು, ಒಲೆ ತೊಳೆದು, ಅದರಿಂದಲೇ ಹಚ್ಚಲಾಗುತ್ತಿದೆ; ಬೀಡಿಯನ್ನು ಒಲೆಯ ಹತ್ತಿರ ಬಿಟ್ಟಿಲ್ಲ. ಆದರೂ ಯಜಮಾನರ ಬೀಡಿ ನಿಂತಿಲ್ಲ. ಹೇಗೆ ಹೊತ್ತುತ್ತಿದೆ ಎಂಬುದು ಈವರೆಗೆ ತಿಳಿದುಬಂದಿಲ್ಲ.

ಗುರುವಾರದ ಘಟನೆ

ಕಳೆದ ವಾರ ಗುರುವಾರ ಇಲಾಖೆಯ ಮುಖ್ಯಸ್ಥರು ಹೆಬ್ಬೆಟ್ಟು ಕೊಡಲು ತಳಕಿನ ರೇಷನ್ ಅಂಗಡಿಗೆ ಹೋಗಿದ್ದರು. ಮೂರು ಗಂಟೆಗೆ ಸೊಸೆಗೆ ನೋವು ಕಾಣಿಸಿತು. ಮಸ್ತಾನ್ ಸಾಬ್ ಅವರು ಹತ್ತೇ ನಿಮಿಷದಲ್ಲಿ ಆಟೋ ತಂದು ಬಾಗಿಲಿಗೆ ನಿಲ್ಲಿಸಿದರು. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಕಾರ್ಡು ತೆಗೆಯಬೇಕಾಗಿತ್ತು, ಅಷ್ಟೇ.

ಮಗನು ರಾತ್ರಿ ಪಾಳಿ ಮುಗಿಸಿ ಬರುವಾಗ ಗಾಡಿ ಅಂಗಡಿಯಲ್ಲಿ ಎಗ್ ರೈಸ್ ತಿಂದಿದ್ದರಿಂದ ಟ್ರಂಕು ಮುಟ್ಟಲಾರೆನೆಂದರು. ಯಜಮಾನರು ಸ್ನಾನವಾಗಿಲ್ಲವೆಂದರು. ನಲ್ಲಿ ನೀರು ಬಂದು ನಾಲ್ಕು ದಿನವಾಗಿದ್ದು, ಮನೆಯಲ್ಲಿ ಕುಡಿಯುವ ಒಂದು ಕೊಡ ಬಿಟ್ಟರೆ ನೀರಿರಲಿಲ್ಲ. ಹೊನ್ನಕ್ಕನವರು ತಮ್ಮ ಮನೆಯಿಂದ ಒಂದು ಬಕೆಟ್ ತಂದುಕೊಟ್ಟರು. ಆ ಒಂದು ಬಕೆಟ್ಟಿನಲ್ಲಿ ಯಜಮಾನರು ಇಪ್ಪತ್ತೈದು ನಿಮಿಷ ಸ್ನಾನ ಮಾಡಿದರು. ಹಬ್ಬದ ದಿನವೂ ಅಷ್ಟು ಹೊತ್ತು ಮಾಡಿದವರಲ್ಲ. ಹೊರಗೆ ಬಂದು, ದೀಪ ಹಚ್ಚದೆ ತೆರೆಯುವ ಹಾಗಿಲ್ಲ, ಬೆಂಕಿಪೊಟ್ಟಣ ಟ್ರಂಕಿನೊಳಗೇ ಐತಲ್ಲ ಎಂದು ಕೈಚೆಲ್ಲಿ ಕುಳಿತರು. ಗ್ಯಾಸ್ ಒಲೆಯಲ್ಲಿ ಬತ್ತಿ ಹೊತ್ತಿಸಿ ತರುತ್ತೇನೆಂದು ಹೊನ್ನಕ್ಕ ಹೇಳಿದ್ದಕ್ಕೆ, ಭಾನುವಾರ ಮಟನ್ ಬೇಯಿಸಿದ ಒಲೆಯ ಬೆಂಕಿ ನಡೆಯುವುದಿಲ್ಲವೆಂದರು.

ಇಷ್ಟರಲ್ಲಿ ಐವತ್ತು ನಿಮಿಷ ಕಳೆದಿತ್ತು. ಟ್ರಂಕಿಗೆ ಬೀಗ ಇರುವುದು, ಬೀಗದ ಕೈ ರೇಷನ್ ಸಾಲಿನಲ್ಲಿ ನಿಂತವರ ಎಲೆಅಡಿಕೆ ಚೀಲದಲ್ಲಿ ಇರುವುದು ಆಗ ಹೊನ್ನಕ್ಕನವರ ಕಣ್ಣಿಗೆ ಬಿತ್ತು. ಸೊಸೆಯು ಗೋಡೆ ಹಿಡಿದುಕೊಂಡೇ ನಿಂತಿದ್ದರು. ಕೊನೆಗೆ ಬಾಗಿಲ ಆಚೆ ಕಾಯುತ್ತಿದ್ದ ಮಸ್ತಾನ್ ಸಾಬ್ ಅವರು ಹೇಳಿದ ಮಾತನ್ನು ಇಲ್ಲಿ ಇದ್ದ ಹಾಗೇ ದಾಖಲಿಸಲಾಗಿದೆ: "ಯಜಮಾನ್ರೇ, ತೆಗಿಯೋಕೆ ಬರಲ್ಲ ಅಂದ್ರೆ ಎತ್ತೋಕೆ ಬರ್ತೈತಲ್ಲ."

ಅದರಂತೆ ಮಸ್ತಾನ್ ಸಾಬ್ ಅವರು ಕೈಕಾಲು ಮುಖ ತೊಳೆದುಕೊಂಡು, ವಿಭೂತಿ ಹೂವು ಸಮೇತ ಟ್ರಂಕನ್ನು ಎತ್ತಿ ಆಟೋದಲ್ಲಿ ಸೊಸೆಯ ಪಕ್ಕದಲ್ಲಿ ಇಟ್ಟರು. ಆಸ್ಪತ್ರೆಯಲ್ಲಿ ಅದನ್ನು ಮಂಚದ ಪಕ್ಕ ಇಳಿಸಲಾಯಿತು. ಸುದ್ದಿ ತಿಳಿದು ಮುಖ್ಯಸ್ಥರು ರೇಷನ್ ಅಕ್ಕಿ ಚೀಲ ಸಮೇತ ಅಲ್ಲಿಗೆ ತಲುಪುವ ಹೊತ್ತಿಗೆ ಟ್ರಂಕಿನ ಮೇಲೆ ಎರಡು ಬಾಳೆಹಣ್ಣು, ಒಂದು ಊದಿನಕಡ್ಡಿ ಹಾಗೂ ಯಾರದೋ ಮೊಮ್ಮಗುವಿನ ಉಡಿದಾರ ಬಂದಿದ್ದವು. ಮುಖ್ಯಸ್ಥರೂ ನೂರು ಜನ ಮುಟ್ಟಿದ ಸಾಲಿನಿಂದ ಬಂದಿದ್ದರಿಂದ, ಬೀಗದ ಕೈ ಕೈಯಲ್ಲಿದ್ದರೂ ತೆರೆಯಲು ಧೈರ್ಯ ಸಾಲಲಿಲ್ಲ.

ಅದು ಸುಳ್ಳು ನೋವು ಎಂದು ತಿಳಿಯಿತು. ಇನ್ನೂ ಹತ್ತು ಹದಿನೈದು ದಿನ ಇದೆ ಎಂದರು. ಕಾರ್ಡಿನಲ್ಲಿ ರಕ್ತದ ಗುಂಪು, ರಕ್ತ ಕಡಿಮೆ ಇದ್ದದ್ದು, ಕೊಟ್ಟ ಚುಚ್ಚುಮದ್ದು ಎಲ್ಲವೂ ಇರುತ್ತದೆ, ನಿಜವಾದ ನೋವಿನ ಹೊತ್ತಿನಲ್ಲಿ ಅದು ಕೈಯಲ್ಲಿ ಇಲ್ಲದಿದ್ದರೆ ನಮಗೂ ಕಷ್ಟ ನಿಮಗೂ ಕಷ್ಟ ಎಂದು ನರ್ಸಮ್ಮನವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಹೊರಡುವಾಗ ಹೇಳಿದ್ದು ಉಲ್ಲೇಖ ಮೂರರ ಸೂಚನೆ: "ಅಜ್ಜಿ, ಮುಂದಿನ ಸಲ ಕಾರ್ಡ್ ತನ್ನಿ. ದೇವ್ರನ್ನ ತರಬ್ಯಾಡಿ."

ಸೋಮವಾರ ಟ್ರಂಕನ್ನು ಬೇರೆ ಕಡೆ ಇಡಲು ದೇವರಲ್ಲಿ ಹೂವು ಕೇಳಲಾಯಿತು. ಹೂವು ಏರಿಸಿದವರು ಯಜಮಾನರು. ಹೂವು ಎಡಕ್ಕೆ ಬಿತ್ತು. ಅಪ್ಪಣೆ ಇಲ್ಲ. ಹಾಗಾದರೆ ಕಾರ್ಡನ್ನಾದರೂ ತೆಗೆಯೋಣವೆಂದರೆ, ದೇವರು ಬೇಡವೆಂದ ದಿನವೇ ಕೈಹಾಕುವುದು ಸರಿಯಲ್ಲ, ಮುಂದಿನ ಸೋಮವಾರ ನೋಡೋಣ ಎಂದು ಯಜಮಾನರು ಬಾಗಿಲಿಗೆ ಅಡ್ಡ ನಿಂತು ಹೇಳಿದರು. ಆದ್ದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ.

ಆದೇಶಗಳು

1. ತುರ್ತು ಎಂದರೇನು: ಹೆರಿಗೆ ನೋವು, ಹಾವು, ಚೇಳು, ಗ್ಯಾಸ್ ವಾಸನೆ, ಗಾಳಿಗೆ ಚಾವಣಿ ಶೀಟು ಹಾರುವುದು ಇವು ಮಾತ್ರ ತುರ್ತು ಎನಿಸಿಕೊಳ್ಳತಕ್ಕದ್ದು. ರಿಮೋಟಿನ ಸೆಲ್ಲು ಮುಗಿಯುವುದು, ಧಾರಾವಾಹಿ ಹೊತ್ತಿಗೆ ಕರೆಂಟು ಹೋಗುವುದು, ಬೀಗರು ಹೇಳದೆ ಕೇಳದೆ ಬರುವುದು ತುರ್ತು ಅಲ್ಲ. ಬೀಡಿ ಹಚ್ಚಲು ಬೆಂಕಿ ಇಲ್ಲದಿರುವುದು ತುರ್ತು ಅಲ್ಲ. ಕೊನೆಯ ವಾಕ್ಯವನ್ನು ಕುರಿ ವಿಭಾಗದವರು ಎರಡು ಸಲ ಓದತಕ್ಕದ್ದು.

2. ತುರ್ತು ಸಂದರ್ಭಗಳು ಸಾಧ್ಯವಾದ ಮಟ್ಟಿಗೆ ಸೋಮವಾರ ಬೆಳಿಗ್ಗೆ ಏಳರಿಂದ ಒಂಬತ್ತರ ಒಳಗೆ ಬರತಕ್ಕದ್ದು. ಹಾವು ಚೇಳುಗಳಿಗೆ ಈ ಬಗ್ಗೆ ಪ್ರತ್ಯೇಕವಾಗಿ ತಿಳುವಳಿಕೆ ನೀಡಲು ಆಗದಿರುವುದರಿಂದ ಅವುಗಳಿಗೆ ವಿನಾಯಿತಿ ನೀಡಲಾಗಿದೆ. ಗಾಳಿಗೆ ವಿನಾಯಿತಿ ಇಲ್ಲ.

3. ತುರ್ತು ಸ್ನಾನ ಪಾಳಿ: ಹೆರಿಗೆ ಆಗುವವರೆಗೆ ಈ ಮನೆಯಲ್ಲಿ ಹಗಲು ರಾತ್ರಿ ಯಾರಾದರೊಬ್ಬರು ಸ್ನಾನ ಮಾಡಿದ ಸ್ಥಿತಿಯಲ್ಲಿ ಇರತಕ್ಕದ್ದು. ಸದರಿಯವರನ್ನು ಮಡಿ ಅಧಿಕಾರಿ ಎಂದು ಕರೆಯಲಾಗುವುದು. ಸೋಮವಾರ, ಬುಧವಾರ, ಶುಕ್ರವಾರ ಮುಖ್ಯಸ್ಥರು. ಮಂಗಳವಾರ, ಗುರುವಾರ, ಶನಿವಾರ ನಾಗಭೂಷಣ. ಭಾನುವಾರ ಯಜಮಾನರು. ವಾರಕ್ಕೆ ಒಂದೇ ದಿನ ಕೊಟ್ಟಿದ್ದಕ್ಕೆ ಅವರು ಬೇಸರಪಟ್ಟುಕೊಂಡಿಲ್ಲ.

(ಅ) ಮಡಿ ಅಧಿಕಾರಿಯು ಪಾಳಿಯಲ್ಲಿದ್ದಾಗ ಕ್ಷೌರ ಮಾಡಿಸಿಕೊಳ್ಳಬಾರದು, ಮಾಂಸ ತಿನ್ನಬಾರದು, ಕುರಿಮರಿ ಎತ್ತಿಕೊಳ್ಳಬಾರದು, ಸಾವಿನ ಮನೆಗೆ ಹೋಗಬಾರದು. ಪಾಳಿಯಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ, ಸುದ್ದಿ ಪೂರ್ತಿ ಕೇಳಿಸಿಕೊಳ್ಳುವ ಮೊದಲು ಮುಂದಿನವರಿಗೆ ಪಾಳಿ ವಹಿಸಿಕೊಡತಕ್ಕದ್ದು.

(ಆ) ಮಡಿ ಅಧಿಕಾರಿಗೆ ಸೀನು ಬಂದರೆ ಸ್ನಾನ ಕೆಡುವುದಿಲ್ಲ. ಈ ಬಗ್ಗೆ ಕೇಳಿದ್ದವರು ನಾಗಭೂಷಣ. ಮಿಲ್ಲಿನಲ್ಲಿ ಶೇಂಗಾ ಧೂಳು ಜಾಸ್ತಿ.

(ಇ) ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುವುದರಿಂದ, ಸ್ನಾನದ ನೀರನ್ನು ಪಾಳಿ ಲೆಕ್ಕದಲ್ಲಿ ಕಾಯ್ದಿರಿಸಲಾಗಿದೆ. ಪಾಳಿ ಇಲ್ಲದವರು ಮುಖ ಮಾತ್ರ ತೊಳೆಯತಕ್ಕದ್ದು. ಪಾಳಿ ಇಲ್ಲದವರು ಇದಕ್ಕೆ ಸಂತೋಷ ವ್ಯಕ್ತಪಡಿಸಬಾರದು.

4. ಮೊಟ್ಟೆಯ ಬಗ್ಗೆ: ಮೊಟ್ಟೆ ತಿಂದವರು ಟ್ರಂಕು ಮುಟ್ಟಬಹುದೇ ಎಂಬುದು ಪರಿಶೀಲನೆಯಲ್ಲಿದೆ. ಎಗ್ ರೈಸಿನಲ್ಲಿ ಎಗ್ಗನ್ನು ಪಕ್ಕಕ್ಕೆ ಸರಿಸಿ ರೈಸು ಮಾತ್ರ ತಿಂದೆನೆಂಬ ನಾಗಭೂಷಣರ ಎರಡನೇ ಹೇಳಿಕೆಯನ್ನು, ಅವರ ಮೊದಲನೇ ಹೇಳಿಕೆಯ ಮುಂದಿಟ್ಟು ನೋಡಿ, ತಿರಸ್ಕರಿಸಲಾಗಿದೆ.

5. ವಿಷಲ್ಲು: ಹೊಸ ವಿಷಲ್ಲನ್ನು ಸೊಸೆಯ ಕೊರಳಿಗೆ ಹಾಕಲಾಗಿದೆ. ಒಂದು ಸಲ ಊದಿದರೆ ನೀರು ಬೇಕು, ಎರಡು ಸಲ ಊದಿದರೆ ಗ್ಯಾಸ್ ವಾಸನೆ, ಮೂರು ಸಲ ಊದಿದರೆ ನೋವು ಎಂದು ತಿಳಿಯತಕ್ಕದ್ದು. ಹಿಂದಿನ ವಿಷಲ್ಲಿನಿಂದ ಯಜಮಾನರು ಕುರಿಗಳನ್ನು ಅಭ್ಯಾಸ ಮಾಡಿಸಿರುವುದರಿಂದ ಮೂರಕ್ಕೂ ಕುರಿಗಳೇ ಮೊದಲು ಬರುತ್ತಿವೆ. ಮನುಷ್ಯರು ಕುರಿಗಳಿಗಿಂತ ಮುಂಚೆ ತಲುಪಲು ಪ್ರಯತ್ನಿಸತಕ್ಕದ್ದು.

6. ಅಣಕು ಕಾರ್ಯಾಚರಣೆ: ಈ ವಾರ ಮಂಗಳವಾರ ಒಂದು ಅಣಕು ಹೆರಿಗೆ ನೋವನ್ನು ಏರ್ಪಡಿಸಲಾಗಿತ್ತು. ಸುಮ್ಮಸುಮ್ಮನೆ ಕೂಗಲು ನಾಚಿಕೆ ಎಂದು ಸೊಸೆಯು ಹೇಳಿದ್ದರಿಂದ ಹೊನ್ನಕ್ಕನವರು ಅವರ ಪರವಾಗಿ ಕೂಗಿದರು. ಕೂಗು ಎಷ್ಟು ಚೆನ್ನಾಗಿತ್ತೆಂದರೆ ಮೂರು ಬೀದಿಯ ಜನ ಓಡಿ ಬಂದರು, ಅವರಲ್ಲಿ ಇಬ್ಬರು ಹೊನ್ನಕ್ಕನವರನ್ನೇ ಎತ್ತಿ ಆಟೋದಲ್ಲಿ ಮಲಗಿಸಿದರು. ಹೊನ್ನಕ್ಕನವರ ವಯಸ್ಸು ಅರವತ್ತೊಂದು. ಬಂದವರಿಗೆಲ್ಲ ಚಹಾ ಮಾಡಬೇಕಾಯಿತು. ಟ್ರಂಕಿನ ಹತ್ತಿರ ಯಾರೂ ಹೋಗಲಿಲ್ಲ. ಕಾರ್ಯಾಚರಣೆಯನ್ನು ಭಾಗಶಃ ಯಶಸ್ವಿ ಎಂದು ದಾಖಲಿಸಲಾಗಿದೆ.

7. ಆಟೋ: ಮಸ್ತಾನ್ ಸಾಬ್ ಅವರ ಆಟೋದ ಮುಖ ಸದಾ ರಸ್ತೆಯ ಕಡೆಗೇ ಇರತಕ್ಕದ್ದು. ಹೆರಿಗೆ ಆಗುವವರೆಗೆ ಅದರಲ್ಲಿ ಈರುಳ್ಳಿ ಸಾಗಿಸಬಾರದೆಂದು ವಿನಂತಿ, ವಾಸನೆಗೆ ಸೊಸೆಗೆ ವಾಂತಿ ಬರುತ್ತದೆ. ಅವರು ಒಪ್ಪಿ, ಹಿಂದಿನ ದಿನದ ಈರುಳ್ಳಿ ಸಿಪ್ಪೆಯನ್ನು ತಾವೇ ಗುಡಿಸಿ, ಹಾಸಲು ಮನೆಯಿಂದ ರಜಾಯಿ ತಂದಿರುತ್ತಾರೆ. ಅವರ ಮನೆಯ ಫಾತಿಮಾ ಬೀ ಅವರು ರಜಾಯಿಯ ಜೊತೆಗೆ ಮಗುವಿಗೆಂದು ಒಂದು ಕುಲಾವಿಯನ್ನೂ ಕಳಿಸಿರುತ್ತಾರೆ. ಕುಲಾವಿಯನ್ನು ಟ್ರಂಕಿನಲ್ಲಿ ಇಡಬೇಕಾಗಿದ್ದು, ಸೋಮವಾರಕ್ಕಾಗಿ ಕಾಯಲಾಗುತ್ತಿದೆ.

8. ಸ್ಪಷ್ಟೀಕರಣ: ಟ್ರಂಕು ದೇವರಲ್ಲ. ಅದರಲ್ಲಿ ಹಗ್ಗ ಮತ್ತು ಬಿಸ್ಕತ್ತು ಇದೆ. ಕಳೆದುಹೋದ ಕುರಿ, ಮೊಬೈಲು, ಗಂಡ ಮುಂತಾದವುಗಳ ಬಗ್ಗೆ ಸಾರ್ವಜನಿಕರು ಸದರಿ ಟ್ರಂಕಿಗೆ ಹರಕೆ ಹೊರುವುದನ್ನು ನಿಷೇಧಿಸಲಾಗಿದೆ. ಆದಾಗ್ಯೂ, ಈ ಸ್ಪಷ್ಟೀಕರಣವನ್ನು ಟ್ರಂಕಿನ ಮುಂದೆ ನಿಂತು ಗಟ್ಟಿಯಾಗಿ ಓದಬಾರದು.

9. ಓದು ಬಾರದವರು ಓದು ಬಂದವರಿಂದ ಈ ಸುತ್ತೋಲೆಯನ್ನು ಓದಿಸಿಕೊಳ್ಳತಕ್ಕದ್ದು. ಈ ವಯಸ್ಸಿನಲ್ಲಿ ಇನ್ನೇನು ಕಲಿಯುವುದು ಎಂಬ ಕಾರಣವನ್ನು ಒಪ್ಪಲಾಗುವುದಿಲ್ಲ. ಇಲಾಖೆಯ ಮುಖ್ಯಸ್ಥರು ರಾತ್ರಿ ಶಾಲೆಯ ಹಲಗೆ ಮೇಲೆ ಮೊದಲ ಅಕ್ಷರ ಬರೆದದ್ದು ಐವತ್ತೆರಡನೇ ವಯಸ್ಸಿನಲ್ಲಿ.

10. ಸೊಸೆಯ ಪ್ರಸ್ತಾವನೆ: ಶ್ರೀಮತಿ ವನಜಾಕ್ಷಿಯವರು ಮೇಲಿನ ಎಲ್ಲಾ ಆದೇಶಗಳನ್ನು ಸಮಾಧಾನದಿಂದ ಕೇಳಿಸಿಕೊಂಡು, ಕೊನೆಗೆ ಹೀಗೆ ಕೇಳಿರುತ್ತಾರೆ: "ಅತ್ತಮ್ಮ, ಆ ಕಾರ್ಡ್ ಒಂದನ್ನ ನನ್ನ ತಲೆದಿಂಬಿನ ಕೆಳಗೆ ಇಟ್ಕಂಡ್ರೆ ಆಗಲ್ವಾ?" ಇಂಥ ಪ್ರಸ್ತಾವನೆ ಇಲಾಖೆಗೆ ಇದೇ ಮೊದಲ ಬಾರಿ ಬಂದಿದೆ. ತಾತ್ವಿಕವಾಗಿ ಒಪ್ಪಲಾಗಿದೆ. ಬರುವ ಸೋಮವಾರ ಮುಖ್ಯಸ್ಥರ ಪಾಳಿಯಿದ್ದು, ಸ್ನಾನ ಮಾಡಿ, ಹೂವು ಕೇಳಿ, ಅಪ್ಪಣೆಯಾದರೆ ಕಾರ್ಡನ್ನು ಹೊರಗೆ ತೆಗೆಯಲಾಗುವುದು.

11. ಇಷ್ಟೆಲ್ಲ ಏಕೆ ಎಂದು ನಾಗಭೂಷಣ ಅವರು ಕೇಳಿದ್ದು ಇಲಾಖೆಯ ಕಿವಿಗೆ ಬಿದ್ದಿದೆ. ಉತ್ತರ ಕೊಡುವುದು ಕರ್ತವ್ಯ. ಸದರಿ ನಾಗಭೂಷಣರು ಹುಟ್ಟಿದ್ದು ಕುರಿ ಮಂದೆಯ ಗುಡಿಸಿಲಿನಲ್ಲಿ, ಅಮಾವಾಸ್ಯೆಯ ಹತ್ತಿರ. ಲಾಟೀನಿನಲ್ಲಿ ಸೀಮೆಎಣ್ಣೆ ಇರಲಿಲ್ಲ. ಬೆಂಕಿಕಡ್ಡಿ ಮಂಜಿಗೆ ನೆಂದಿತ್ತು. ಮಗು ಅತ್ತಿದ್ದು ಕೇಳಿಸಿತು, ಕೈಗೆ ಬೆಚ್ಚಗೆ ತಗಲಿತು, ಆದರೆ ಮುಖ ಕಾಣಲಿಲ್ಲ. ಮಗುವಿಗೆ ಕಣ್ಣು ಮೂಗು ಸರಿ ಇದೆಯೋ ಇಲ್ಲವೋ ಎಂದು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಾ ಬೆಳಗಾಗುವವರೆಗೆ ಕಾಯಬೇಕಾಯಿತು. ಆದುದರಿಂದ ಟಾರ್ಚು.

12. ಮೇಲ್ಕಂಡ ಆದೇಶಗಳು ತಕ್ಷಣದಿಂದ ಜಾರಿಗೆ ಬರತಕ್ಕದ್ದು. ಈ ಕಾಗದವನ್ನು ನೀರೊಲೆಗೆ ಹಾಕತಕ್ಕದ್ದಲ್ಲ.

ಸೇರ್ಪಡೆ
(ಮಂಗಳವಾರ, ಅದೇ ಕಾಗದದ ಹಿಂಬದಿ)

ಮೇಲಿನ ಸುತ್ತೋಲೆಯನ್ನು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಡುಮನೆ ಗೋಡೆಗೆ ಅಂಟಿಸಲಾಗುತ್ತಿತ್ತು. ಮೇಲಿನ ಎರಡು ಮೂಲೆಗೆ ಮೈದಾ ಅಂಟು ಹಚ್ಚಿ, ಕೆಳಗಿನ ಎರಡು ಮೂಲೆ ಬಾಕಿ ಇರುವಾಗ ಶ್ರೀಮತಿ ವನಜಾಕ್ಷಿಯವರು ಅಡುಗೆಮನೆ ಬಾಗಿಲು ಹಿಡಿದು ನಿಂತು, ಈ ಸಲದ್ದು ಹೋದ ಸಲದ ಹಾಗಿಲ್ಲ ಎಂದು ಮೆಲ್ಲಗೆ ತಿಳಿಸಿದರು. ವಿಷಲ್ಲು ಊದಲು ಮರೆತಿದ್ದರು. ಆದರೂ ಕುರಿಗಳು ಬಂದವು.

ಭಾನುವಾರದ ಮಡಿ ಅಧಿಕಾರಿಗಳಾದ ಯಜಮಾನರು ಮಟನ್ ತರಲು ಹೋಗಿದ್ದರು. ನಾಗಭೂಷಣರು ಮಸ್ತಾನ್ ಸಾಬ್ ಅವರನ್ನು ಕರೆಯಲು ಓಡಿದರು. ಮುಖ್ಯಸ್ಥರ ಸ್ನಾನವಾಗಿರಲಿಲ್ಲ. ಎರಡೂ ಕೈ ಮೊಣಕೈವರೆಗೆ ಮೈದಾ ಅಂಟು. ದೀಪ ಇಲ್ಲ. ದಿನ ಸೋಮವಾರ ಅಲ್ಲ. ಹೂವು ಕೇಳಲು ಹೊತ್ತಿಲ್ಲ. ಸೊಸೆಯ ಮುಖವನ್ನು ಒಂದು ಸಲ, ದೇವರ ಪೆಟ್ಟಿಗೆಯನ್ನು ಒಂದು ಸಲ ನೋಡಿ, ಅದೇ ಕೈಯಲ್ಲಿ ಬೀಗ ತೆಗೆಯಲಾಯಿತು.

ಬೀಗ ತೆಗೆಯುವ ಅಗತ್ಯವೇ ಇರಲಿಲ್ಲ ಎಂಬುದು ಆಗ ಬೆಳಕಿಗೆ ಬಂದಿತು. ಮುಚ್ಚಳವು ಹಿಂದುಗಡೆಯಿಂದ ಪೂರ್ತಿಯಾಗಿ ಕೈಗೇ ಬಂತು. ಕೀಲಿನ ಎರಡೂ ಕಡ್ಡಿಗಳನ್ನು ಯಾರೋ ಮೊದಲೇ ಎಳೆದಿಟ್ಟಿದ್ದರು. ಒಳಗೆ ಹನ್ನೆರಡು ಬೆಂಕಿಪೊಟ್ಟಣ ಇರಬೇಕಾದಲ್ಲಿ ಮೂರು ಇದ್ದವು. ಬಿಸ್ಕತ್ತಿನ ಹೊದಿಕೆ ಇತ್ತು, ಬಿಸ್ಕತ್ತು ಇರಲಿಲ್ಲ. ಒಂದು ಬೀಡಿ ತುಂಡು ಇತ್ತು. ಕಾರ್ಡು ಇಟ್ಟ ಜಾಗದಲ್ಲಿಯೇ, ಇಟ್ಟ ಹಾಗೆಯೇ ಇತ್ತು. ಟಾರ್ಚು ಒತ್ತಿ ನೋಡಲಾಗಿ ಚೆನ್ನಾಗಿ ಹೊತ್ತಿಕೊಂಡಿತು. ಅದರಲ್ಲಿ ಇದ್ದದ್ದು ಇಲಾಖೆ ಹಾಕಿದ ಸೆಲ್ಲುಗಳಲ್ಲ. ಹೊಸವು.

ಅಷ್ಟರಲ್ಲಿ ಯಜಮಾನರು ಮಟನ್ ಚೀಲ ಹಿಡಿದು ಬಾಗಿಲಿಗೆ ಬಂದರು. ಮುಚ್ಚಳ ಮುಖ್ಯಸ್ಥರ ಕೈಯಲ್ಲಿ ಇರುವುದನ್ನು ನೋಡಿದರು. ಇಪ್ಪತ್ತೈದು ನಿಮಿಷದ ಸ್ನಾನ, ಮಟನ್ ಒಲೆಯ ಬೆಂಕಿ, ಎಡಕ್ಕೆ ಬಿದ್ದ ಹೂವು ಇವೆಲ್ಲದರ ಅರ್ಥ ಇಲಾಖೆಗೆ ಒಂದೇ ಸಲಕ್ಕೆ ಆಯಿತು. ಕಾರಣ ಕೇಳಿ ನೋಟೀಸು ನೀಡಲು ಸಮಯ ಇಲ್ಲದ್ದರಿಂದ ಮುಚ್ಚಳವನ್ನೇ ಅವರ ಮುಂದೆ ಹಿಡಿಯಲಾಯಿತು. ಅವರ ಹೇಳಿಕೆ: "ಬೈಬ್ಯಾಡ ಕಣೆ. ಬೆಂಕಿಪೊಟ್ಟಣ ತಗಳ್ಳೋವಾಗೆಲ್ಲ ಟಾರ್ಚು ಒಂದ್ಸಲ ಹಾಕಿ ನೋಡ್ತಿದ್ದೆ. ಮಂಕಾಗಿತ್ತು, ಸೆಲ್ಲು ಬದಲಾಯಿಸ್ದೆ. ಅವತ್ತಿನ ಕತ್ಲು ನಂಗೂ ನೆನಪೈತೆ."

ಹೇಳಿಕೆಯನ್ನು ಸ್ವೀಕರಿಸಲಾಗಿದೆ. ಬಿಸ್ಕತ್ತಿನ ಬಗ್ಗೆ ವಿಚಾರಣೆ ಮುಂದುವರಿಯುವುದು.

ಕಾರ್ಡು ಕೈಯಲ್ಲಿ ಹಿಡಿದೇ ಆಸ್ಪತ್ರೆ ತಲುಪಲಾಯಿತು. ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಶ್ರೀಮತಿ ವನಜಾಕ್ಷಿಯವರಿಗೆ ಹೆಣ್ಣು ಮಗು ಜನಿಸಿದೆ. ಇಬ್ಬರೂ ಕ್ಷೇಮ. ಕಾರ್ಡಿನ ಮೇಲೆ ಮೈದಾದ ಐದು ಬೆರಳು ಮೂಡಿರುವ ಬಗ್ಗೆ ನರ್ಸಮ್ಮನವರು ಕೇಳಿದ್ದು, ಸುತ್ತೋಲೆ ಅಂಟಿಸುತ್ತಿದ್ದುದಾಗಿ ತಿಳಿಸಲಾಯಿತು. ಮಗುವಿಗೆ ಫಾತಿಮಾ ಬೀ ಅವರ ಕುಲಾವಿ ಹಾಕಲಾಗಿದೆ, ಸ್ವಲ್ಪ ದೊಡ್ಡದಾಗಿದೆ, ಬೆಳೆಯುತ್ತಾಳೆ.

ಮುಖವನ್ನು ಹುಟ್ಟಿದ ಕೂಡಲೇ ನೋಡಲಾಗಿದೆ. ಕಣ್ಣು, ಮೂಗು, ಎಲ್ಲವೂ ಇದೆ. ಕಿಟಕಿಯಿಂದ ಬಿಸಿಲು ಬೀಳುತ್ತಿದ್ದುದರಿಂದ ಟಾರ್ಚಿನ ಅಗತ್ಯ ಕಂಡುಬರಲಿಲ್ಲ. ಆದರೂ ಯಜಮಾನರು ಹಾಕಿದರು. ನರ್ಸಮ್ಮನವರು ಬೈದರು. ಅವರು ಆರಿಸಿದ ಮೇಲೆ ಮುಖ್ಯಸ್ಥರು ಇಸಿದುಕೊಂಡು ಇನ್ನೊಂದು ಸಲ ಹಾಕಿದರು.

ತಿದ್ದುಪಡಿ ಆದೇಶ: ಮೂರು ವಾರಕ್ಕೂ ಮೇಲ್ಪಟ್ಟು ಸ್ನಾನವಿಲ್ಲದೆ, ಬಾಯಲ್ಲಿ ಬೀಡಿ ಇಟ್ಟುಕೊಂಡು ಟ್ರಂಕನ್ನು ಪ್ರತಿದಿನ ತೆರೆದಿರುವ ಬಗ್ಗೆ ದೇವರ ಕಡೆಯಿಂದ ಇದುವರೆಗೆ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ. ಆದ್ದರಿಂದ ಆದೇಶ 2, 3 ಮತ್ತು 4 ಇವುಗಳನ್ನು ಹಿಂಪಡೆಯಲಾಗಿದೆ. ಇನ್ನು ಮುಂದೆ ಟ್ರಂಕನ್ನು ಯಾರು ಬೇಕಾದರೂ, ಯಾವ ದಿನವಾದರೂ, ಏನು ತಿಂದಿದ್ದರೂ ತೆರೆಯಬಹುದು. ಬೀಡಿಗಾಗಿ ತೆರೆಯುವವರು ಮಾತ್ರ ಸ್ನಾನ ಮಾಡಿ ತೆರೆಯತಕ್ಕದ್ದು.

ಸಹಿ/-
(ಕೆಂಚಕ್ಕ)
ಮುಖ್ಯಸ್ಥರು ಹಾಗೂ ಬಾಣಂತಿ ಆರೈಕೆ ಪ್ರಭಾರ
(ಸಹಿಯ ಮೇಲೆ ಆಗಿರುವ ಕಲೆ ಎಣ್ಣೆಯದು. ಮಗುವಿಗೆ ಎಣ್ಣೆ ಹಚ್ಚುವುದರ ನಡುವೆ ಸಹಿ ಮಾಡಲಾಗಿದೆ.)

ಪ್ರತಿಗಳು:
1. ಶ್ರೀ ಮೂಡಲಗಿರಿಯಪ್ಪ, ಕುರಿ ವಿಭಾಗ: ಒಂದು ಹೊಸ ಬೆಂಕಿಪೊಟ್ಟಣದ ಜೊತೆಗೆ ಲಗತ್ತಿಸಿ. ಕೀಲಿನ ಕಡ್ಡಿ ಎರಡನ್ನೂ ಹಿಂದಿರುಗಿಸಲು ಕೋರಿ.
2. ಶ್ರೀ ನಾಗಭೂಷಣ: ಮಗುವನ್ನು ಎತ್ತಿಕೊಳ್ಳುವ ಮೊದಲು ಶೇಂಗಾ ಧೂಳು ಕೊಡವಲು ಸೂಚಿಸಿ.
3. ಶ್ರೀಮತಿ ವನಜಾಕ್ಷಿ: ಮಲಗಿದ್ದಾರೆ. ಎಬ್ಬಿಸಬಾರದು. ತಲೆದಿಂಬಿನ ಕೆಳಗೆ ಇಡುವುದು.
4. ಶ್ರೀಮತಿ ಹೊನ್ನಕ್ಕ: ಹರಕೆ ತೆಂಗಿನಕಾಯಿಯನ್ನು ಮರಳಿಸುತ್ತಾ. ಚಟ್ನಿಗೆ ಬಳಸಬಹುದು.
5. ಶ್ರೀ ಮಸ್ತಾನ್ ಸಾಬ್ ಹಾಗೂ ಶ್ರೀಮತಿ ಫಾತಿಮಾ ಬೀ: ಸಕ್ಕರೆ ಸಹಿತ. ಈರುಳ್ಳಿ ನಿರ್ಬಂಧ ತೆರವುಗೊಳಿಸಲಾಗಿದೆ.
6. ನರ್ಸಮ್ಮನವರು: ಈ ಸಲ ದೇವರನ್ನು ತಂದಿಲ್ಲವೆಂದು ಖಚಿತಪಡಿಸುತ್ತಾ.
7. ದೇವರ ಪೆಟ್ಟಿಗೆ: ಮಾಹಿತಿಗಾಗಿ. ಸೋಮವಾರ, ಸ್ನಾನ ಮಾಡಿ ಸಲ್ಲಿಸಲಾಗುವುದು.
8. ತುರ್ತು ಟ್ರಂಕು: ಕಡತಕ್ಕೆ.
9. ಹೊಸದಾಗಿ ಸೇರಿಕೊಂಡ ಸಿಬ್ಬಂದಿ (ಹೆಸರು ಇನ್ನೂ ಇಟ್ಟಿಲ್ಲ): ಓದಲು ಕಲಿತ ಮೇಲೆ ಓದಿಕೊಳ್ಳುವುದು. ತಡವಾದರೂ ಅಡ್ಡಿ ಇಲ್ಲ.